ಕಾರಿನ ಇಂಜಿನ್ ಆಯಿಲ್ ಎಷ್ಟಿದೆ? ಮನೆಯಲ್ಲೇ ನೋಡಿ

ಡ್ಯಾಶ್‌ಬೋರ್ಡ್‌ನಲ್ಲಿ ಆಯಿಲ್ ಕ್ಯಾನ್ ಚಿತ್ರದ ಕೆಂಪು ದೀಪ ಇದೆಯಲ್ಲ, ಆಯಿಲ್ ಕಡಿಮೆಯಾದರೆ ಅದೇ ಹೇಳುತ್ತದೆ ಬಿಡಿ ಅಂತ ಬಹಳ ಜನ ನಂಬಿಕೊಂಡಿದ್ದಾರೆ. ಆದರೆ ಹೆಚ್ಚಿನ ಕಾರುಗಳಲ್ಲಿ ಆ ದೀಪಕ್ಕೆ ಗೊತ್ತಾಗುವುದು ಆಯಿಲ್‌ನ ಒತ್ತಡ ಮಾತ್ರ, ಆಯಿಲ್ ಎಷ್ಟಿದೆ ಅನ್ನುವುದಲ್ಲ. ಒತ್ತಡ ಬಿದ್ದು ದೀಪ ಹತ್ತುವ ಹೊತ್ತಿಗೆ ಇಂಜಿನ್ ಒಳಗಿನ ಬೇರಿಂಗ್‌ಗಳಿಗೆ ಆಯಿಲ್ ಸರಿಯಾಗಿ ತಲುಪುತ್ತಿರುವುದಿಲ್ಲ. ಓಡಿಸುವಾಗ ಅದು ಹತ್ತಿದರೆ ಗಾಡಿ ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಲೇಬೇಕು. ಗ್ಯಾರೇಜ್ ಇಲ್ಲೇ ಹತ್ತಿರ, ಮೆಲ್ಲಗೆ ಹೋಗಿಬಿಡೋಣ ಅನ್ನುವುದು ಬೇಡ.

ಅಷ್ಟು ದೂರ ಹೋಗುವ ಮೊದಲೇ ಗೊತ್ತಾಗಬೇಕಾದರೆ ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ಅಳೆಯುವ ಕಡ್ಡಿ, ಎಳೆದು ನೋಡಬೇಕು. ತಿಂಗಳಿಗೊಮ್ಮೆ ನೋಡಿದರೆ ಸಾಕು. ಶಿರಾಡಿ, ಚಾರ್ಮಾಡಿ ಕಡೆ ಹೊರಟಿದ್ದರೆ ಹಿಂದಿನ ದಿನ ಇನ್ನೊಮ್ಮೆ ನೋಡಿ. ಆಯಿಲ್ ತೀರಾ ಕಡಿಮೆ ಇದ್ದರೆ ಘಾಟಿಯ ಏರು, ತಿರುವುಗಳಲ್ಲಿ ಅದು ಒಂದು ಬದಿಗೆ ಸರಿದು, ಪಂಪ್ ಆಯಿಲ್ ಬದಲು ಗಾಳಿ ಎಳೆದುಕೊಳ್ಳಬಹುದು.

ಮೊದಲು ಗಾಡಿ ಸಮತಟ್ಟು ಜಾಗದಲ್ಲಿ ನಿಂತಿರಬೇಕು. ಮಲೆನಾಡು, ಮಂಗಳೂರು ಕಡೆಯ ಇಳಿಜಾರು ಅಂಗಳದಲ್ಲಿ, ಅಪಾರ್ಟ್‌ಮೆಂಟ್‌ನ ರ‍್ಯಾಂಪ್ ಮೇಲೆ ನೋಡಿದ ಲೆಕ್ಕ ಸರಿ ಬರುವುದಿಲ್ಲ. ಹ್ಯಾಂಡ್‌ಬ್ರೇಕ್ ಹಾಕಿ, ಇಂಜಿನ್ ಆಫ್ ಮಾಡಿ 5ರಿಂದ 10 ನಿಮಿಷ ಕಾಯಿರಿ. ಮೇಲೆ ಹೋದ ಆಯಿಲ್ ಕೆಳಗೆ ಇಳಿಯಬೇಕಲ್ವಾ, ಅದಕ್ಕೆ. ಇಂಜಿನ್ ಬಿಸಿ ಇರುವಾಗ ನೋಡಬೇಕೋ, ತಣ್ಣಗಿರುವಾಗಲೋ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಹೇಗಿದೆಯೋ ಹಾಗೆ ಮಾಡಿ. ಕೈಯಲ್ಲಿ ಒಂದು ಶುಭ್ರವಾದ ಹಳೇ ಬನಿಯನ್ ಬಟ್ಟೆ ಇರಲಿ. ದಾರ ಬಿಡುವ ಬಟ್ಟೆ ಬೇಡ, ಎಳೆ ಇಂಜಿನ್ ಒಳಗೆ ಹೋಗುತ್ತದೆ.

ಬಾನೆಟ್ ಎತ್ತಿ ರಾಡ್ ಕೊಟ್ಟು ನಿಲ್ಲಿಸಿ. ಇಂಜಿನ್ ಪಕ್ಕ ಹಳದಿಯೋ ಕಿತ್ತಳೆಯೋ ಬಣ್ಣದ ಬಳೆಯಂಥ ಹಿಡಿ ಕಾಣುತ್ತದೆ, ಅದೇ ಡಿಪ್‌ಸ್ಟಿಕ್. ಕೆಲವು ದುಬಾರಿ ಕಾರುಗಳಲ್ಲಿ ಅದು ಇರುವುದೇ ಇಲ್ಲ, ಮಟ್ಟವನ್ನು ಸ್ಕ್ರೀನ್‌ನಲ್ಲಿ ನೋಡಬೇಕು. ಎಲೆಕ್ಟ್ರಿಕ್ ಕಾರಿಗಂತೂ ಈ ಕೆಲಸವೇ ಇಲ್ಲ.

ಕಡ್ಡಿಯನ್ನು ಹೊರಗೆ ಎಳೆಯಿರಿ. ಈಗ ಕಂಡದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಗಾಡಿ ಓಡುವಾಗ ಸಿಡಿದ ಆಯಿಲ್ ಕಡ್ಡಿಗೆಲ್ಲ ಮೆತ್ತಿಕೊಂಡಿರುತ್ತದೆ. ಪೂರ್ತಿ ಒರೆಸಿ, ಹಿಡಿ ಸರಿಯಾಗಿ ಕೂರುವ ತನಕ ಒಳಗೆ ತಳ್ಳಿ, ಮತ್ತೆ ಎಳೆಯಿರಿ. ತುದಿ ಕೆಳಗೇ ಇರಲಿ. ಮೇಲೆತ್ತಿ ಹಿಡಿದರೆ ಆಯಿಲ್ ಹಿಡಿಯ ಕಡೆ ಹರಿದು ಮಟ್ಟ ಜಾಸ್ತಿ ಇದ್ದಂತೆ ಕಾಣುತ್ತದೆ. ತುದಿಯಲ್ಲಿ ಎರಡು ಗುರುತುಗಳಿರುತ್ತವೆ: ಎರಡು ತೂತು, ಎರಡು ಗೀರು, ಇಲ್ಲವೇ ಎಲ್ (ಕಡಿಮೆ) ಮತ್ತು ಎಫ್ (ಪೂರ್ತಿ) ಅಕ್ಷರ. ಕಡ್ಡಿಯ ಎರಡೂ ಬದಿ ನೋಡಿ. ಒಂದೊಂದು ಕಡೆ ಒಂದೊಂದು ರೀತಿ ಕಂಡರೆ ಕಡಿಮೆ ಇರುವ ಬದಿಯನ್ನೇ ನಂಬಿ. ಹೊಸ ಆಯಿಲ್ ಎಷ್ಟು ತಿಳಿಯಾಗಿರುತ್ತದೆ ಅಂದರೆ ಗೆರೆ ಕಣ್ಣಿಗೆ ಸಿಗುವುದೇ ಕಷ್ಟ. ಆಗ ಕಡ್ಡಿಯನ್ನು ಟಿಶ್ಯೂ ಕಾಗದದ ಮೇಲೆ ಮೆಲ್ಲಗೆ ಒತ್ತಿ. ಒದ್ದೆ ಎಲ್ಲಿವರೆಗೆ ಹತ್ತಿದೆಯೋ ಅದೇ ಮಟ್ಟ.

ಎರಡು ಗುರುತುಗಳ ನಡುವೆ ಇದ್ದರೆ ಚಿಂತೆಯಿಲ್ಲ. ಕೆಳಗಿನ ಗುರುತಿನ ಹತ್ತಿರ ಬಂದಿದ್ದರೆ ಸ್ವಲ್ಪ ಹಾಕಬೇಕು. ಅದಕ್ಕೂ ಕೆಳಗಿದ್ದರೆ ಹಾಕದೆ ಗಾಡಿ ತೆಗೆಯಬೇಡಿ. ಹೆಚ್ಚಿನ ಕಾರುಗಳಲ್ಲಿ ಆ ಎರಡು ಗುರುತುಗಳ ನಡುವಿನ ಅಂತರ ಅಂದರೆ ಸುಮಾರು 1 ಲೀಟರ್. ಚಿಕ್ಕ ಪೆಟ್ರೋಲ್ ಇಂಜಿನ್‌ಗೆ ಹಿಡಿಯುವುದೇ ಸುಮಾರು 3, ಮೂರೂವರೆ ಲೀಟರ್. ಅದರಲ್ಲಿ 1 ಲೀಟರ್ ಕಡಿಮೆ ಅಂದರೆ ಸಣ್ಣ ಮಾತಲ್ಲ.

ಹಾಕುವ ಆಯಿಲ್ ಯಾವುದೋ ಒಂದು ಆಗಬಾರದು. 0ಡಬ್ಲ್ಯೂ-20, 5ಡಬ್ಲ್ಯೂ-30 ಹೀಗೆ ಪುಸ್ತಕದಲ್ಲಿ ಯಾವ ಗ್ರೇಡ್ ಇದೆಯೋ ಅದನ್ನೇ ತನ್ನಿ. ಇಂಜಿನ್ ಮೇಲಿನ ಆಯಿಲ್ ಮುಚ್ಚಳ ತೆಗೆದು, ಆಲಿಕೆ ಇಟ್ಟು, ಒಂದು ಸಲಕ್ಕೆ ಕಾಲು ಲೀಟರ್ ಮೀರದಂತೆ ಹಾಕಿ. ಕೆಲವು ನಿಮಿಷ ಬಿಟ್ಟು ಮತ್ತೆ ಕಡ್ಡಿ ಹಾಕಿ ನೋಡಿ. ಆತುರ ಬೇಡವೇ ಬೇಡ. ಮೇಲಿನ ಗುರುತು ದಾಟಿ ಹಾಕಿದರೆ ಇಂಜಿನ್ ಒಳಗೆ ಜೋರಾಗಿ ತಿರುಗುವ ಕ್ರ್ಯಾಂಕ್‌ಶಾಫ್ಟ್ ಎಂಬ ದಂಡ ಆಯಿಲ್‌ಗೆ ತಾಗಿ ನೊರೆ ಎಬ್ಬಿಸುತ್ತದೆ. ನೊರೆಯಾದ ಆಯಿಲ್ ಬೇರಿಂಗ್‌ಗಳನ್ನು ಕಾಪಾಡುವುದಿಲ್ಲ. ಸರ್ವಿಸ್ ಮುಗಿಸಿ ತಂದ ಮರುದಿನವೂ ಕಡ್ಡಿ ಎಳೆದು ನೋಡಿ ಅಂತ ನಾನು ಹೇಳುವುದು ಇದಕ್ಕೇ. ಅಲ್ಲಿ ಜಾಸ್ತಿ ಸುರಿದಿದ್ದರೆ ವಾಪಸ್ ಹೋಗಿ ತೆಗೆಸಿ.

ಬಣ್ಣವನ್ನೂ ಗಮನಿಸಿ, ಆದರೆ ಸುಮ್ನೆ ಹೆದರಬೇಡಿ. ಡೀಸೆಲ್ ಗಾಡಿಯ ಆಯಿಲ್ ಬದಲಾಯಿಸಿದ ಕೆಲವೇ ದಿನದಲ್ಲಿ ಕಪ್ಪಾಗುತ್ತದೆ, ಅದು ಸಹಜ. ಮಳೆಗಾಲದಲ್ಲಿ ಬರೀ ಹತ್ತಿರದ ಓಡಾಟವಿದ್ದರೆ ಮುಚ್ಚಳದ ಅಡಿಯಲ್ಲಿ ತೇವಕ್ಕೆ ಚೂರು ಬಿಳಿ ನೊರೆ ಕೂರುವುದೂ ಉಂಟು. ಕಡ್ಡಿಯಲ್ಲಿರುವ ಆಯಿಲೇ ಹಾಲು ಬೆರೆಸಿದ ಕಾಫಿಯಂತಾಗಿದ್ದರೆ ಮಾತು ಬೇರೆ: ಇಂಜಿನ್ ತಣ್ಣಗಿಡುವ ಕೂಲಂಟ್ ಸೇರಿರಬಹುದು, ಅದನ್ನು ತಡೆಯುವ ಹೆಡ್ ಗ್ಯಾಸ್ಕೆಟ್ ಎಂಬ ಸೀಲ್ ಹೋಗಿರಬಹುದು. ಗಾಡಿ ಸ್ಟಾರ್ಟ್ ಮಾಡದೆ ಮೆಕ್ಯಾನಿಕ್‌ನನ್ನು ಕರೆಸಿ.

2020ರ ಏಪ್ರಿಲ್‌ನಿಂದ ಜಾರಿಯಾದ ಬಿಎಸ್-6 ಎಂಬ ಹೊಗೆ ನಿಯಮದ ಡೀಸೆಲ್ ಕಾರಿನವರು ಇನ್ನೊಂದನ್ನು ನೋಡಬೇಕು. ಈ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆ ಮಸಿ ಸುಡಲು ಇಂಜಿನ್ ಹೆಚ್ಚುವರಿ ಡೀಸೆಲ್ ಬಳಸುತ್ತದೆ. ದಿನಾ ಪೇಟೆಯೊಳಗೇ ಓಡಿಸಿ, ಸುಡುವುದು ಅರ್ಧಕ್ಕೇ ನಿಲ್ಲುತ್ತಿದ್ದರೆ ಸ್ವಲ್ಪ ಡೀಸೆಲ್ ಆಯಿಲ್‌ಗೆ ಇಳಿಯುತ್ತದೆ. ನೀವು ಹಾಕದೇ ಮಟ್ಟ ಏರಿದ್ದರೆ ಕಾರಣ ಇದಿರಬಹುದು. ಆಯಿಲ್ ತೆಳ್ಳಗಾಗಿರುತ್ತದೆ, ಬದಲಾಯಿಸಬೇಕಾಗಬಹುದು, ಗ್ಯಾರೇಜ್‌ನಲ್ಲಿ ತೋರಿಸಿ.

ನೋಡಿದ ದಿನ, ಓಡಿದ ಕಿಲೋಮೀಟರ್, ಮಟ್ಟ, ಈ ಮೂರನ್ನು ಬರೆದಿಡಿ. ಮಟ್ಟ ಬೇಗ ಬೇಗ ಇಳಿಯುತ್ತಿದ್ದರೆ ಗಾಡಿ ನಿಲ್ಲಿಸಿದ ಜಾಗದಲ್ಲಿ ಹನಿ ಬಿದ್ದಿದೆಯಾ, ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಬರುತ್ತಿದೆಯಾ ನೋಡಿ, ಮೆಕ್ಯಾನಿಕ್‌ಗೆ ಆ ಚೀಟಿ ತೋರಿಸಿ. ಬಾನೆಟ್ ಹಾಕುವ ಮೊದಲು ಮುಚ್ಚಳ ಬಿಗಿಯಾಗಿದೆಯಾ, ಒರೆಸಿದ ಬಟ್ಟೆ ಇಂಜಿನ್ ಮೇಲೇ ಉಳಿದಿದೆಯಾ ಅಂತ ಒಮ್ಮೆ ಕಣ್ಣಾಡಿಸಿ. ಆಯಿಲ್ ಹತ್ತಿದ ಬಟ್ಟೆ ಬಿಸಿ ಸೈಲೆನ್ಸರ್ ಪೈಪಿಗೆ ತಾಗಿದರೆ ಬೆಂಕಿ ಹತ್ತಬಹುದು.