ಮಂಗಳೂರಲ್ಲಿ ಎರಡು ದಿನ: ಬಿಸಿಲು ನೋಡಿ ಹಾಕಿದ ಪ್ಲಾನ್

ಮೊದಲ ಸಲ ಮಂಗಳೂರಿನ ಹಳೇ ಜಾಗಗಳನ್ನು ನೋಡೋಣ ಅಂತ ಹೊರಟಾಗ ನನ್ನ ಪಟ್ಟಿಯಲ್ಲಿ ಹದಿಮೂರು ಹೆಸರಿದ್ದವು. ನೋಡಿದ್ದು ಆರು. ಸಮಾಧಾನವಾಗಿ ನೋಡಿದ್ದು ಒಂದೂ ಇಲ್ಲ. ಏಪ್ರಿಲ್ ತಿಂಗಳು, ಮಧ್ಯಾಹ್ನ ಒಂದೂವರೆ, ಅಮ್ಮನನ್ನು ಕರೆದುಕೊಂಡು ಬರಿಗಾಲಲ್ಲಿ ಕಾರ್ಕಳದ ಗೊಮ್ಮಟನ ಬೆಟ್ಟದ ಮೇಲೆ ನಿಂತಿದ್ದೆ. ಬಂಡೆ ಕಾದ ಕಾವಲಿಯ ಹಾಗಿತ್ತು. ಅಮ್ಮನ ಅಂಗಾಲಲ್ಲಿ ಬೊಬ್ಬೆ ಎದ್ದಿತು. ಅವರು ಒಂದು ಮಾತೂ ಆಡಲಿಲ್ಲ, ಅದೇ ನನಗೆ ಜಾಸ್ತಿ ನೋವಾಯಿತು.

ಎರಡನೇ ಸಲ ಡಿಸೆಂಬರಿನಲ್ಲಿ ಹೋದೆವು. ಈ ಸಲ ಜಾಗಗಳ ಪಟ್ಟಿ ಮಾಡಲಿಲ್ಲ. ಒಂದು ಹಾಳೆಯಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅಂತ ಬರೆದುಕೊಂಡು, ಯಾವ ಜಾಗ ಯಾವಾಗ ಬಾಗಿಲು ಹಾಕುತ್ತೆ, ಎಲ್ಲಿ ಬರಿಗಾಲು, ಎಲ್ಲಿ ನೆರಳು ಅಂತ ನೋಡಿ ತುಂಬಿಸಿದೆ. ದಿನಕ್ಕೆ ಮೂರೇ ಜಾಗ. ಬಾಗಿಲು ಹಾಕುವ ಹೊತ್ತನ್ನು ಫೋನ್ ಮಾಡಿ ಕೇಳಿಕೊಂಡೆ, ಯಾಕೆಂದರೆ ಹೋದ ಸಲ ಆಟೋದವರು ಅರ್ಧ ದಾರಿಯಲ್ಲಿ "ಈಗ ಹೋದ್ರೆ ಬಾಗಿಲು ಹಾಕಿರ್ತಾರೆ ಮಾರಾಯ್ರೆ" ಅಂದಿದ್ದು ಇನ್ನೂ ಕಿವಿಯಲ್ಲಿತ್ತು.

ಶುಕ್ರವಾರ ರಾತ್ರಿ ಬೆಂಗಳೂರಲ್ಲಿ ಬಸ್ ಹತ್ತಿದೆವು. ಶನಿವಾರ ಬೆಳಿಗ್ಗೆ ಸ್ನಾನ ಮುಗಿಸಿ ಸೀದಾ ಕದ್ರಿಗೆ. ಕದ್ರಿ ಮಂಜುನಾಥ ದೇವಸ್ಥಾನಕ್ಕೆ ಜನ ಮಂಜುನಾಥನ ದರ್ಶನಕ್ಕೆ ಬರುತ್ತಾರೆ, ನಾವೂ ಮಾಡಿದೆವು. ಆದರೆ ನನ್ನ ಮನಸ್ಸು ಅಲ್ಲಿನ ಲೋಕೇಶ್ವರನ ಮೇಲೆ. ಮೂರು ಮುಖ, ಆರು ಕೈ, ಕುಳಿತ ಕಂಚಿನ ಮೂರ್ತಿ. ಹಿಂದೆ ಈ ಕರಾವಳಿಯನ್ನು ಆಳಿದ ಆಳುಪ ವಂಶದ ರಾಜ ಕುಂದವರ್ಮ ಇದನ್ನು ಕದರಿಕಾ ವಿಹಾರದಲ್ಲಿ ಪ್ರತಿಷ್ಠೆ ಮಾಡಿಸಿದ ಅಂತ ಪೀಠದ ಮೇಲಿನ ಶಾಸನ ಹೇಳುತ್ತೆ, ಕಾಲ ಕ್ರಿ.ಶ. 968. ವಿಹಾರ ಅಂದರೆ ಬೌದ್ಧರ ಜಾಗ ಅಲ್ವಾ? ಶಿವನ ಗುಡಿಯೊಳಗೆ ಸಾವಿರ ವರ್ಷದ ಬೌದ್ಧ ಮೂರ್ತಿ ಇವತ್ತಿಗೂ ಪೂಜೆ ತಗೊಳ್ತಾ ಕೂತಿದೆ. ಬೆಳಿಗ್ಗೆ ಬೇಗ ಹೋದರೆ ನೂಕುನುಗ್ಗಲಿಲ್ಲದೆ ನೋಡಬಹುದು. ಮೇಲಿನ ಕೆರೆಗಳ ಹತ್ತಿರ ಅಮ್ಮ ಅರ್ಧ ಗಂಟೆ ಸುಮ್ನೆ ಕೂತಿದ್ದರು.

ಬನ್ಸು, ಕಾಫಿ ಆದ ಮೇಲೆ ಬಾವುಟಗುಡ್ಡ. ಅಲ್ಲಿನ ಸಂತ ಅಲೋಶಿಯಸ್ ಚಾಪೆಲ್ ನೆರಳಿನ ಜಾಗ, ಆದ್ದರಿಂದ ಬಿಸಿಲೇರಿದ ಮೇಲೆ ಹೋದರೂ ತೊಂದರೆ ಇಲ್ಲ. ಊಟದ ಹೊತ್ತಿಗೆ ಮುಚ್ಚುತ್ತಾರೆ, ಅದೊಂದು ನೆನಪಿರಲಿ. ಗೋಡೆ, ಮಾಡು ಎಲ್ಲ ಕಡೆ ಚಿತ್ರ. ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೇನಿ ಅನ್ನುವ ಜೆಸ್ಯೂಟ್ (ಕ್ಯಾಥೊಲಿಕ್ ಧಾರ್ಮಿಕ ಸಂಘವೊಂದರ ಸದಸ್ಯ) ಸುಮಾರು 1900ರ ಹೊತ್ತಿಗೆ ಬಿಡಿಸಿದ್ದು. ಗೋಡೆಗೆ ಗಾರೆ ಬಳಿದು, ಅದು ಹಸಿ ಇರುವಾಗಲೇ ಬಣ್ಣ ಹಚ್ಚಿ ಮುಗಿಸಬೇಕು, ಒಣಗಿದ ಮೇಲೆ ತಿದ್ದೋದು ಕಷ್ಟ. ಅದನ್ನು ತಿಳಿದುಕೊಂಡು ತಲೆಯೆತ್ತಿ ನೋಡಿದಾಗ ಕಣ್ಣು ಬೇರೆ ಥರ ಕೆಲಸ ಮಾಡುತ್ತೆ. ಒಂದು ಗಂಟೆ ಇಟ್ಟುಕೊಳ್ಳಿ.

ಮಧ್ಯಾಹ್ನ ಊಟ, ನಿದ್ದೆ. ಕರಾವಳಿಯ ಸೆಕೆಯಲ್ಲಿ ಎರಡರಿಂದ ನಾಲ್ಕು ರೂಮಲ್ಲೇ ಇರಿ.

ಸಂಜೆ ಸುಲ್ತಾನ್ ಬತ್ತೇರಿ. 1784ರಲ್ಲಿ ಟಿಪ್ಪು ಕಟ್ಟಿಸಿದ ಕಪ್ಪು ಕಲ್ಲಿನ ಕಾವಲು ಬುರುಜು, ಟಿಪ್ಪು ಮತ್ತು ಬ್ರಿಟಿಷರ ನಡುವೆ ಮಂಗಳೂರು ಒಪ್ಪಂದ ಆದ ವರ್ಷವೂ ಅದೇ. ಕೋಟೆ ಅಂದುಕೊಂಡು ಹೋದವರಿಗೆ ಇಷ್ಟೇನಾ ಅನಿಸಬಹುದು. ಮೇಲೆ ಹತ್ತಿ, ಬಂದೂಕಿನ ಕಿಂಡಿಯಲ್ಲಿ ಕಣ್ಣಿಟ್ಟು ಗುರುಪುರ ಹೊಳೆ ನೋಡಿ. ಹಡಗುಗಳು ಒಳಗೆ ಬರದ ಹಾಗೆ ಕಾಯಲು ಈ ಜಾಗವನ್ನೇ ಯಾಕೆ ಹಿಡಿದರು ಅಂತ ಯಾರೂ ಹೇಳಬೇಕಾಗಿಲ್ಲ. ಪಕ್ಕದಲ್ಲೇ ದೋಣಿ ಸಿಗುತ್ತೆ, ದಾಟಿದರೆ ತಣ್ಣೀರುಬಾವಿ ಕಡಲತೀರ. ಮಳೆಗಾಲದಲ್ಲಾದರೆ ದೋಣಿ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ.

ಭಾನುವಾರ ನಾನು ತಿದ್ದಿಕೊಂಡ ದೊಡ್ಡ ತಪ್ಪು ಇದು: ಹೋದ ಸಲ ದಾರಿಯಲ್ಲಿ ಮೊದಲು ಸಿಗುತ್ತೆ ಅಂತ ಮೂಡುಬಿದಿರೆಯಲ್ಲಿ ಇಳಿದು, ಆಮೇಲೆ ಕಾರ್ಕಳಕ್ಕೆ ಹೋಗಿದ್ದೆ. ಈ ಸಲ ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟು, ಮೂಡುಬಿದಿರೆ ದಾಟಿ, ನೇರ ಕಾರ್ಕಳ. ಬಂಡೆ ತಣ್ಣಗಿತ್ತು. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ ನಲವತ್ತೆರಡು ಅಡಿಯ ಬಾಹುಬಲಿಯ ಎದುರು ಅಮ್ಮ ಕೈಮುಗಿದು ನಿಂತೇ ಇದ್ದರು, ಕಾಲು ಎತ್ತಿ ಎತ್ತಿ ಇಡುವ ಕಷ್ಟವಿಲ್ಲದೆ. ಎದುರಿಗೇ ಚತುರ್ಮುಖ ಬಸದಿ, 1586ರದ್ದು, ನಾಲ್ಕೂ ದಿಕ್ಕಿಗೆ ಒಂದೇ ಥರದ ಬಾಗಿಲು.

ಬಿಸಿಲೇರುವ ಹೊತ್ತಿಗೆ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಒಳಗಿದ್ದೆವು. 1430ರ ಕಟ್ಟಡ, ಒಳಗೆಲ್ಲ ತಂಪು. ಕಂಬಗಳನ್ನು ಒಂದೊಂದಾಗಿ ನೋಡುತ್ತಾ ಹೋಗಿ, ಒಂದರ ಹಾಗೆ ಇನ್ನೊಂದಿಲ್ಲ. ಭೈರಾದೇವಿ ಮಂಟಪದ ಬುಡದಲ್ಲಿ ಬಗ್ಗಿ ಹುಡುಕಿ, ಜಿರಾಫೆಯ ಕೆತ್ತನೆ ಇದೆ, ಚೀನಾದ ಡ್ರ್ಯಾಗನ್ನೂ ಇದೆ. ಕಡಲ ವ್ಯಾಪಾರ ಇಲ್ಲಿಯವರೆಗೆ ಏನೇನು ತಂದಿತ್ತು ನೋಡಿ!

ರಾತ್ರಿ ಬಸ್ಸಿಗೆ ಇನ್ನೂ ಮೂರು ಗಂಟೆ ಇತ್ತು. ಹಾಳೆಯಲ್ಲಿ ಆ ಹೊತ್ತನ್ನು ಬೇಕಂತಲೇ ಖಾಲಿ ಬಿಟ್ಟಿದ್ದೆ. ಬೋಳಾರದ ಕಡೆ ನಡೆಯುತ್ತಿದ್ದಾಗ ಒಂದು ಹಳೇ ಮನೆಯ ಮಾಡು ಬಿಚ್ಚಿ, ಹಂಚುಗಳನ್ನು ಅಂಗಳದಲ್ಲಿ ಒಟ್ಟಿದ್ದರು. ಅಮ್ಮ ನಿಂತು ನೋಡುತ್ತಿದ್ದುದನ್ನು ಕಂಡು ಮನೆಯವರು ಒಂದನ್ನು ಮಗುಚಿ ಕೊಟ್ಟರು. ಪಾಚಿ ಒರೆಸಿದರೆ ಒತ್ತಿದ ಅಕ್ಷರ: ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865. ಅದು ಕಾರ್ಖಾನೆ ಶುರುವಾದ ವರ್ಷ, ಆ ಹಂಚಿನ ವಯಸ್ಸಲ್ಲ ಅಂತ ನಾನು ವಿವರಿಸುತ್ತಿದ್ದೆ. ಅಮ್ಮ ಕೇಳಿಸಿಕೊಳ್ಳುತ್ತಿರಲಿಲ್ಲ. ಅಕ್ಷರಗಳ ಮೇಲೆ ಬೆರಳಾಡಿಸುತ್ತಾ, "ನಮ್ಮ ತವರುಮನೆ ಕೊಟ್ಟಿಗೆ ಮೇಲೆ ಇದೇ ಹಂಚು ಕಣೋ" ಅಂದರು.