ಅರಿವಳಿಕೆ ಔಷಧ ನರಕೋಶವನ್ನು ಉಳಿಸುತ್ತದಾ? ಮರುದಿನ ನೋಡಿದರೆ ಸಾಲದು

ಪೆಟ್ಟು ಬಿದ್ದ ನರಕೋಶ ಅರಿವಳಿಕೆ ಔಷಧದಿಂದ ನಿಜವಾಗಿ ಬದುಕುತ್ತದಾ, ಇಲ್ಲ ಸಾಯುವುದು ಸ್ವಲ್ಪ ತಡವಾಗುತ್ತದಾ? ನನ್ನ ಲ್ಯಾಬ್ ಕೆಲಸವೆಲ್ಲ ಈ ಪ್ರಶ್ನೆಯ ಸುತ್ತಲೇ.

ಇಲಿ ಭ್ರೂಣದ ಮಿದುಳಿನ ಹೊರಪದರದಿಂದ ಕೋಶಗಳನ್ನು ತೆಗೆದು, ಕೋಶಗಳು ಅಂಟಿಕೊಳ್ಳಲೆಂದು ಪಾಲಿ-ಡಿ-ಲೈಸಿನ್ ಬಳಿದ ಪ್ಲೇಟಿನಲ್ಲಿ ಬೆಳೆಸುತ್ತೇನೆ. ಎರಡು ವಾರ ಕಾಯಲೇಬೇಕು. ಗ್ಲುಟಮೇಟ್ ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕ, ಅತಿಯಾದರೆ ಕೋಶವನ್ನೇ ಕೊಲ್ಲುತ್ತದೆ. ಎಳೆಯ ಕೋಶಗಳಲ್ಲಿ ಅದನ್ನು ಹಿಡಿಯುವ ಎನ್‌ಎಂಡಿಎ ರಿಸೆಪ್ಟರ್ ಕಡಿಮೆ, ಹಾಗಾಗಿ ಗ್ಲುಟಮೇಟ್ ಹಾಕಿದರೂ ಅಷ್ಟಾಗಿ ಸಾಯುವುದಿಲ್ಲ. ಅದನ್ನು ನೋಡಿ ಔಷಧವೇ ಕಾಪಾಡಿತು ಅಂದುಕೊಂಡರೆ ಲೆಕ್ಕವೆಲ್ಲ ತಲೆಕೆಳಗು.

ಪೆಟ್ಟು ಕೊಡುವುದು ಹೀಗೆ: ಗ್ಲೂಕೋಸ್ ಇಲ್ಲದ ದ್ರವ, 95% ನೈಟ್ರೋಜನ್, 5% ಕಾರ್ಬನ್ ಡೈಆಕ್ಸೈಡ್, ಅಂದರೆ ಆಕ್ಸಿಜನ್ ಇಲ್ಲ. ಕೋಶದ ಇಂಧನವಾದ ಎಟಿಪಿ ಖಾಲಿಯಾಗುತ್ತದೆ, ಗ್ಲುಟಮೇಟ್ ಹೊರಗೆ ತುಂಬುತ್ತದೆ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ, ನಯವಾಗಿದ್ದ ಕೋಶದ ಎಳೆಗಳು ಮಣಿ ಪೋಣಿಸಿದ ಹಾಗೆ ಅಲ್ಲಲ್ಲಿ ಉಬ್ಬಿರುತ್ತವೆ.

ಔಷಧಗಳಲ್ಲಿ ಕೆಟಮಿನ್ ಸುಲಭ, ನೀರಿನಲ್ಲಿ ಕರಗುತ್ತದೆ. ಪ್ರೊಪೊಫಾಲ್ ಇಂಜೆಕ್ಷನ್ ಎಣ್ಣೆ ಬೆರೆತ ಎಮಲ್ಷನ್, ಹಾಗಾಗಿ ಪರಿಣಾಮ ಔಷಧದ್ದಾ ಎಣ್ಣೆಯದ್ದಾ ಅಂತ ತಿಳಿಯಲು, ಔಷಧವಿಲ್ಲದ ಬರೀ ಎಮಲ್ಷನ್ ಹಾಕಿದ ಬಾವಿಗಳೂ (ಕೋಶ ಬೆಳೆಸುವ ಪುಟ್ಟ ಗುಳಿಗಳು) ಪ್ಲೇಟಿನಲ್ಲಿ ಇರಲೇಬೇಕು. ಐಸೋಫ್ಲುರೇನ್ ಬೇಗ ಆವಿಯಾಗುತ್ತದೆ, ರಬ್ಬರ್ ಪೈಪ್ ಕೂಡ ಅದನ್ನು ಹೀರಿಕೊಳ್ಳುತ್ತದೆ. ಅದನ್ನು ಆವಿಯಾಗಿಸಿ ಕೊಡುವ ವೇಪರೈಸರಿನ ಡಯಲ್ ಹೇಳುವ ಅಂಕಿಯನ್ನು ನಾನು ನಂಬುವುದಿಲ್ಲ, ಚೇಂಬರಿನಿಂದ ಹೊರಬರುವ ಗ್ಯಾಸನ್ನೇ ಅಳೆಯುತ್ತೇನೆ. ಒಳಗಿನ ಉಷ್ಣತೆಯನ್ನೂ ಅಷ್ಟೇ, 37 ಡಿಗ್ರಿಗೆ ಕಾಯುತ್ತೇನೆ, ಯಾಕಂದ್ರೆ ತಂಪಾದರೆ ಆ ತಂಪೇ ಕೋಶಗಳನ್ನು ಕಾಪಾಡಿಬಿಡುತ್ತದೆ.

ಸತ್ತ ಕೋಶಗಳ ಲೆಕ್ಕವೇ ಎಲ್ಲಕ್ಕಿಂತ ಮುಖ್ಯ. 24 ಗಂಟೆಗೆ ದ್ರವದಲ್ಲಿ ಸೋರಿರುವ ಎಲ್‌ಡಿಎಚ್ (ಕೋಶ ಒಡೆದಾಗ ಹೊರಬರುವ ಕಿಣ್ವ) ಅಳೆದು ಅಲ್ಲಿಗೇ ನಿಲ್ಲಿಸುವವರು ಜಾಸ್ತಿ. 2000ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ: ಮಿದುಳಿನ ರಕ್ತನಾಳ ತಡೆದ ಇಲಿಗಳಿಗೆ ಐಸೋಫ್ಲುರೇನ್ ಕೊಟ್ಟಾಗ 2 ದಿನಕ್ಕೆ ಸತ್ತ ಭಾಗ ಚಿಕ್ಕದಾಗಿ ಕಂಡಿತ್ತು, 14 ದಿನಕ್ಕೆ ಆ ವ್ಯತ್ಯಾಸವೇ ಇರಲಿಲ್ಲ. ಸಾವು ಮುಂದಕ್ಕೆ ಹೋಗಿತ್ತು, ಅಷ್ಟೇ ಅಲ್ವಾ! ಅದಕ್ಕೇ ನಾನು ಅದೇ ಬ್ಯಾಚಿನ ಪ್ಲೇಟುಗಳನ್ನು ವಾರದ ನಂತರ ಮತ್ತೆ ಎಣಿಸುತ್ತೇನೆ. ಅಷ್ಟು ಹೊತ್ತಿಗೆ ಮೊದಲು ಸೋರಿದ ಎಲ್‌ಡಿಎಚ್‌ನ ಶಕ್ತಿ ಕುಂದಿರುತ್ತದೆ, ಹಾಗಾಗಿ ಉಳಿದ ನರಕೋಶಗಳಿಗೆ ಬಣ್ಣ ಹಾಕಿ ಎಣಿಸಬೇಕು. ಬೇಸರದ ಕೆಲಸ, ಆದರೆ ಇದನ್ನು ಬಿಟ್ಟು ಬರೆದ 'ರಕ್ಷಣೆ' ಅನ್ನುವ ಮಾತಿಗೆ ನನ್ನ ಮಟ್ಟಿಗೆ ಬೆಲೆ ಇಲ್ಲ.

ಪೆಟ್ಟೇ ಕೊಡದೆ ಬರೀ ಔಷಧ ಹಾಕಿದ ಬಾವಿಗಳನ್ನೂ ಇಡುತ್ತೇನೆ. 7 ದಿನದ ಇಲಿಮರಿಗಳಿಗೆ ಮಿಡಜೋಲಾಮ್, ನೈಟ್ರಸ್ ಆಕ್ಸೈಡ್, ಐಸೋಫ್ಲುರೇನ್ ಒಟ್ಟಿಗೆ ಕೊಟ್ಟಾಗ ಮಿದುಳಿನ ಕೋಶಗಳು ಸಾಯುವುದು 2003ರಲ್ಲೇ ಕಂಡಿತ್ತು. ಈ ಬಾವಿಗಳಲ್ಲಿ ಕ್ಯಾಸ್ಪೇಸ್-3 (ಕೋಶ ತನ್ನನ್ನೇ ಕೊಂದುಕೊಳ್ಳುವಾಗ ಚುರುಕಾಗುವ ಕಿಣ್ವ) ಏರಿದರೆ ಆ ಡೋಸ್ ಅಲ್ಲಿಗೇ ಬಿಡುತ್ತೇನೆ.