ಬೆಸೆಲಾವೊ ಮತ್ತು ಮಿತ್ಲಾ: ದೇವರ ಹೆಸರನ್ನೂ ಊರ ಹೆಸರನ್ನೂ ಬಿಡಿಸುವ ಕ್ರಮ

ಮೆಕ್ಸಿಕೋದ ವಾಹಾಕಾ ಪ್ರಾಂತ್ಯದ ಜಪೋಟೆಕ್ ಜನರ ದೇವನಾಮವೊಂದನ್ನು ಬಿಡಿಸಲು ಹೊರಡುವವರು, ಅದರ ಅರ್ಥವನ್ನು ಹುಡುಕುವ ಮುನ್ನ, ಅದು ಯಾವ ಭಾಷೆಯದು ಮತ್ತು ಯಾರ ಕೈಯಿಂದ ಬರಹಕ್ಕಿಳಿಯಿತು ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಪಾತಾಳದ ಒಡೆಯನಾದ ಬೆಸೆಲಾವೊನ ಹೆಸರು ಇದಕ್ಕೆ ಒಳ್ಳೆಯ ಉದಾಹರಣೆ.

ಆಧಾರಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿ. ಅವನ ಪೂಜೆ ನಡೆಯುತ್ತಿದ್ದ ವಾಹಾಕಾದ ಮಿತ್ಲಾ ಊರಿನ ಕುರಿತ 1580ರ ಸ್ಪ್ಯಾನಿಷ್ ವರದಿ ಈ ದೇವರನ್ನು 'ಕೊಕಿ ಬೆಸೆಲಾವೊ' ಎನ್ನುತ್ತದೆ. ಪಾದ್ರಿ ಹುವಾನ್ ದೆ ಕೊರ್ದೊವಾ 1578ರಲ್ಲಿ ಅಚ್ಚು ಹಾಕಿಸಿದ ಜಪೋಟೆಕ್ ಶಬ್ದಕೋಶದಲ್ಲಿ ಅದು 'ಪಿತಾವೊ ಪೆಸೇಲಾವೊ' ಆಗಿದೆ. ಪಕಾರ ಬಕಾರಗಳ ಈ ಅಂತರವನ್ನು ಕಂಡು ಇಬ್ಬರು ದೇವರಿದ್ದಾರೆಂದು ತಿಳಿಯಬಾರದು, ಏಕೆಂದರೆ ಜಪೋಟೆಕ್ ಧ್ವನಿಗಳಿಗೆ ಸ್ಪ್ಯಾನಿಷ್ ಅಕ್ಷರಗಳು ಸರಿಯಾಗಿ ಹೊಂದುವುದಿಲ್ಲ. ಆ ಭಾಷೆಯಲ್ಲಿ ಸ್ವರದ ಏರಿಳಿತದಿಂದಲೇ ಅರ್ಥ ಬದಲಾಗುವುದರಿಂದ, ಹಳೆಯ ಕಾಗುಣಿತವೊಂದನ್ನೇ ನಂಬಿ ಪದವನ್ನು ತುಂಡರಿಸುವುದೂ ಅಪಾಯಕರ.

ಬಳಿಕ ಬಿರುದನ್ನು ಹೆಸರಿನಿಂದ ಬೇರ್ಪಡಿಸಿ. 'ಕೊಕಿ' ಎಂದರೆ ಒಡೆಯ, ಅರಸ. 'ಪಿತಾವೊ' ಎಂಬುದರಲ್ಲಿ ಉಸಿರು ಅಥವಾ ಪ್ರಾಣವನ್ನು ಸೂಚಿಸುವ 'ಪಿ' ಮತ್ತು ಹಿರಿದೆಂಬ ಅರ್ಥದ 'ತಾವೊ' ಸೇರಿವೆ; ಪಾದ್ರಿಗಳು ಇದನ್ನೇ 'ದೇವರು' ಎಂದು ಅನುವಾದಿಸಿದರು. ಬೆಸೆಲಾವೊನನ್ನು 'ದೆವ್ವಗಳ ಒಡೆಯ' ಎಂದ ಅಂದಿನ ವಿವರಣೆಯಲ್ಲಿ ಕ್ರೈಸ್ತ ನರಕದ ನೆರಳಿರುವುದರಿಂದ, ಅದನ್ನು ಪದದ ಅರ್ಥವೆಂದು ಸ್ವೀಕರಿಸಲಾಗದು.

ಈಗ ಊರಿನ ಹೆಸರು. 'ಮಿತ್ಲಾ' ಜಪೋಟೆಕ್ ಪದವೇ ಅಲ್ಲ; ಅದು ಅಜ್ಟೆಕರ ನಾವಾತ್ಲ್ ಭಾಷೆಯ 'ಮಿಕ್ತ್ಲಾನ್', ಅಂದರೆ ಸತ್ತವರ ತಾಣ. ಜಪೋಟೆಕ್ ಹೆಸರು 'ಲ್ಯೋಬಾ'. ಇದನ್ನು ಸಾಮಾನ್ಯವಾಗಿ ವಿಶ್ರಾಂತಿಯ ತಾಣವೆಂದು ವಿವರಿಸುತ್ತಾರೆ, ಆದರೆ 'ಬಾ' ಎಂಬುದು ಗೋರಿಯನ್ನು ಸೂಚಿಸುವ ಪದವಾದ್ದರಿಂದ ಸಮಾಧಿಸ್ಥಳವೆಂಬ ಅರ್ಥವೇ ನನಗೆ ಹೆಚ್ಚು ಸಮಂಜಸವಾಗಿ ತೋರುತ್ತದೆ. ಅಲ್ಲಿಯ ಅರಮನೆಗಳ ಅಡಿಯಲ್ಲಿ ಶಿಲುಬೆಯಾಕಾರದ ಗೋರಿಗಳು ಇಂದಿಗೂ ಇವೆ.

ಈ ಎರಡು ಸ್ಥಳನಾಮಗಳಲ್ಲಿ ಯಾವುದರಲ್ಲೂ ಬೆಸೆಲಾವೊ ಎಂಬ ಪದವಿಲ್ಲ. ಆದುದರಿಂದ ಇಲ್ಲಿನ ಸಂಬಂಧವನ್ನು ಧ್ವನಿಸಾಮ್ಯದಲ್ಲಿ ಹುಡುಕದೆ, ಸಾವು, ಸಮಾಧಿ, ಪೂಜೆಗಳಲ್ಲಿ ಹುಡುಕಬೇಕು. ನಾವಾತ್ಲ್ ಹೆಸರಿನ ಬಲದ ಮೇಲೆ ಬೆಸೆಲಾವೊನನ್ನು ಅಜ್ಟೆಕರ ಪಾತಾಳದ ದೇವರಾದ ಮಿಕ್ತ್ಲಾಂತೆಕುತ್ಲಿಯೊಂದಿಗೆ ಒಂದಾಗಿಸುವುದಂತೂ ಅವಸರದ ತೀರ್ಮಾನ. ಜಪೋಟೆಕರ ಮಿಂಚು ಮಳೆಗಳ ದೇವರಾದ ಕೊಸಿಹೊನ ವಿಷಯ ಬೇರೆ: ಅವನ ಹೆಸರು ಸಾಚಿಲಾದ ಅರಸ ಕೊಸಿಹೊಏಸಾ, ತೆವಾಂತೆಪೆಕ್‌ನ ಕೊಸಿಹೊಪಿ ಇವರ ಹೆಸರುಗಳೊಳಗೇ ಸೇರಿಕೊಂಡಿದೆ, ಅಲ್ಲಿ ಧ್ವನಿಯನ್ನು ಹಿಡಿದು ಹೊರಡಬಹುದು.